ಸಬ್ಸಿಡಿ ಅರ್ಜಿಗೆ ಅರಿಶಿನ

ಅರ್ಜಿ ಬರೆಯುವವರು ಮನುಷ್ಯರಾಗಿರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ, ಜಪಾನಿನ ಹಮಾಮತ್ಸು ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಬ್ಯಾಟರಿ ಪರೀಕ್ಷಿಸುವ ಕೆಲಸಕ್ಕೆ ಸೇರಿದವಳು. ಕೆಲಸಕ್ಕೆ ಬೇಕೆಂದು ಜಪಾನಿ ಓದಲು ಕಲಿತೆ. ಅದು ಗೊತ್ತಾದ ದಿನದಿಂದ ಇಲ್ಲಿನ ಕನ್ನಡದವರ ಮನೆಯ ಕಾಗದಗಳೆಲ್ಲ ನನ್ನ ಮೇಜಿಗೆ ಬರತೊಡಗಿದವು. ಗ್ಯಾಸಿನ ಬಿಲ್ಲು, ಶಾಲೆಯ ನೋಟೀಸು, ಲಸಿಕೆಯ ಚೀಟಿ. ಇಲ್ಲಿ ಬರೆದಿರುವುದು ಒಂದೇ ಒಂದು ಕಾರಿನ ಕಾಗದಗಳ ವಿಷಯ. ಕಾಲ ಕೊರೋನಾದ್ದು. ನಕ್ಕ ಜಾಗಗಳನ್ನಷ್ಟೇ ಬರೆಯೋಣವೆಂದು ಕುಳಿತೆ. ಉಳಿದದ್ದೂ ನಡುವೆ ಬಂದಿದೆ, ಬಿಡಿಸಿ ತೆಗೆಯಲು ಆಗಲಿಲ್ಲ.

೧. ತಾತನ ಕಾರು

ನಮ್ಮ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ಮೈಸೂರಿನ ಹಿರಿಯರೊಬ್ಬರಿದ್ದರು. ಅವರನ್ನು ನಾನು ಸಾರ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ಮನೆಯಲ್ಲಿ ಇಬ್ಬರೇ. ಸಾರ್‌ಗೆ ಜಪಾನಿ ಮಾತು ಬರುತ್ತಿತ್ತು, ಸರ್ಕಾರಿ ಕಾಗದ ಓದಲು ಬರುತ್ತಿರಲಿಲ್ಲ; ಅಕ್ಕನಿಗೆ ಎರಡೂ ಬರುತ್ತಿರಲಿಲ್ಲ. ಅಕ್ಕನಿಗೆ ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಗೆ ಎರಡು ಬಸ್ಸು ಹತ್ತಬೇಕು. ಸೋಂಕು ಹೆಚ್ಚಿದಾಗ ಡಾಕ್ಟರು ಬಸ್ಸು ಬೇಡವೆಂದರು. ವಾರಕ್ಕೆ ಆರು ಸಲ ಟ್ಯಾಕ್ಸಿ ಆಗದ ಮಾತು. ಡಯಾಲಿಸಿಸ್ ಮುಗಿಸಿ ಬರುವಾಗ ಪೆಟ್ರೋಲಿನ ವಾಸನೆ ತಗುಲಿದರೆ ಅಕ್ಕನಿಗೆ ವಾಂತಿ. ಹಾಗಾಗಿ ಎಲೆಕ್ಟ್ರಿಕ್ ಕಾರು.

ಆಗ ಕಾರ್ಖಾನೆ ವಾರದಲ್ಲಿ ಮೂರೇ ದಿನ ನಡೆಯುತ್ತಿತ್ತು. ಸಂಬಳವೂ ಅದಕ್ಕೆ ತಕ್ಕಂತೆ. ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಸರ್ಕಾರ ಕೊಡುವ ಸಬ್ಸಿಡಿ ಬಂದರೆ ಕಾರು ಉಳಿಯುತ್ತದೆ, ಬಾರದಿದ್ದರೆ ಮಾರಿ ಮತ್ತೆ ಬಸ್ಸು. ಸಾರ್ ನನಗೆ ಹೇಳಿದ್ದು ಇಷ್ಟೇ.

ಷೋರೂಮಿಗೆ ಮೂವರೂ ಹೋದೆವು. ಮಾರಾಟದವರು ಐವತ್ತು ದಾಟಿದವರು. ಮೂಗಿಗೆ ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ ಪರದೆ, ನಮಗೂ ಅವರಿಗೂ ನಡುವೆ ಇನ್ನೊಂದು ಪ್ಲಾಸ್ಟಿಕ್ ಹಲಗೆ. ಸಾರ್ ಅವರ ಹೆಸರನ್ನು ಕಂಪ್ಯೂಟರಿಗೆ ಹಾಕಿ ಕಾಗದ ತೆಗೆದರು. ಅದನ್ನು ನೋಡಿ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದರು. ನಮ್ಮ ಕಡೆಗೆ ತಿರುಗಿಸಿ ಇನ್ನೊಮ್ಮೆ "ಸುಮಿಮಾಸೆನ್" ಎಂದರು.

ಸಾರ್ ಅವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲುಗಳೆಲ್ಲ ಬಿಡಿಸಿಕೊಂಡಿದ್ದವು. ಮೊದಲು ಊರು, ಆಮೇಲೆ ತಾತ, ಆಮೇಲೆ ಅಪ್ಪ, ಕೊನೆಗೆ ಅವರು. ಕಾಗದದ ಮೇಲಿನ ಚೌಕದಲ್ಲಿ ಊರು ಪೂರ್ತಿ ಹಿಡಿದಿತ್ತು. ತಾತ ಮುಕ್ಕಾಲು ಹಿಡಿದಿದ್ದರು. ಅಪ್ಪನಾಗಲಿ ಸಾರ್ ಆಗಲಿ ಇರಲಿಲ್ಲ.

"ಸಬ್ಸಿಡಿಗೆ ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ತರಹ ಇರಬೇಕು" ಎಂದರು ಮಾರಾಟದವರು. "ಈ ಹೆಸರು ಒಂದೊಂದು ಕಚೇರಿಯಲ್ಲಿ ಒಂದೊಂದು ಕಡೆ ತುಂಡಾಗುತ್ತದೆ." ನಂತರ ಬೆರಳಿಟ್ಟು ಕೇಳಿದರು, "ಇಲ್ಲಿ ಅರ್ಧಕ್ಕೆ ನಿಂತಿರುವವರು ಯಾರು?"

"ನಮ್ಮ ತಾತ."

"ಅವರೂ ಕಾರು ಓಡಿಸುತ್ತಾರಾ?"

ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಗಂಡನ ಕಡೆ ತಿರುಗಿದರು. "ಗಾಡೀಲಿ ಕೂತ್ರೆ ತಲೆ ತಿರುಗುತ್ತೆ ಅಂತ ಎತ್ತಿನ ಪಕ್ಕ ನಡ್ಕೊಂಡು ಹೋಗ್ತಿದ್ರಂತೆ. ಅವ್ರಿಗ್ಯಾಕ್ರೀ ಸಬ್ಸಿಡಿ?"

ಅಕ್ಕನ ಹೆಸರು ಎರಡೇ ತುಂಡು. ಚೌಕದಲ್ಲಿ ಇನ್ನೂ ಜಾಗ ಮಿಕ್ಕಿತು. ಕಾರು ಅವರ ಹೆಸರಿಗಾಯಿತು.

"ನೋಡಮ್ಮ" ಎಂದರು ಅಕ್ಕ ನನಗೆ. "ಇವರ ಮನೇಲಿ ಇಷ್ಟು ಜನ ಗಂಡಸರು ಸಾಲಾಗಿ ನಿಂತಿದ್ರೂ ಆಸ್ತಿ ನನಗೆ ಬಂತು."

೨. ಪ್ಲಸ್ ಮೈನಸ್

ಇಲ್ಲಿ ಕಾರು ಕೈಗೆ ಬರುವ ಮೊದಲು ಅದನ್ನು ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಂದ ಪತ್ರ ತರಬೇಕು. ಜಾಗದ ನಕ್ಷೆಯನ್ನು ಕೈಯಲ್ಲೇ ಬರೆದು ಕೊಡಬಹುದು. ನಾಲ್ಕು ಗೆರೆ, ಉದ್ದ, ಅಗಲ, ಇಷ್ಟು ಸಾಕು.

ಸಾರ್ ಇಪ್ಪತ್ತೆರಡು ವರ್ಷ ಕಾರಿನ ಬಿಡಿಭಾಗಗಳ ನಕ್ಷೆ ಬರೆದವರು. ಅವರಿಗೆ ನಾಲ್ಕು ಗೆರೆ ಬರೆದು ಗೊತ್ತಿಲ್ಲ. ದೊಡ್ಡ ಹಾಳೆಯಲ್ಲಿ ಜಾಗವನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ತೋರಿಸಿದ್ದರು. ಅಳತೆಗಳು ಮಿಲಿಮೀಟರಿನಲ್ಲಿ. ಪ್ರತಿ ಅಳತೆಯ ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಪ್ಲಸ್ ಮೈನಸ್.

ಪರಿಶೀಲನೆಗೆ ಬಂದ ಪೊಲೀಸರು ಒಬ್ಬರೇ, ನಿವೃತ್ತಿಗೆ ಹತ್ತಿರವಿದ್ದವರು. ಟೇಪು ಹಿಡಿದು ನಿಂತು ನಕ್ಷೆಯನ್ನು ತುಂಬಾ ಹೊತ್ತು ನೋಡಿದರು.

"ಈ ಗುರುತು ಏನು?"

"ಎರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗಬಹುದು" ಎಂದರು ಸಾರ್.

"ಕಾರಾ?"

"ಜಾಗ. ಬೇಸಿಗೆಯಲ್ಲಿ ಕಾಂಕ್ರೀಟು ಹಿಗ್ಗುತ್ತದೆ."

ಪೊಲೀಸರು ನೆಲವನ್ನು ನೋಡಿದರು. ಆಮೇಲೆ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಕ್ಷೆಯ ಎಡಗಡೆಯಲ್ಲಿ ಇನ್ನೊಂದು ಚೌಕವಿತ್ತು. ಅದರೊಳಗೆ ಜಪಾನಿಯಲ್ಲಿ "ಹೆಂಡತಿ, ೬೦೦" ಎಂದಿತ್ತು. ಕಾರಿನ ಬಾಗಿಲು ಪೂರ್ತಿ ತೆರೆದು, ಅಕ್ಕನನ್ನು ಹಿಡಿದು ಇಳಿಸಲು ಬೇಕಾದ ಜಾಗ ಅದು. ಅಕ್ಕ ಆಗ ಅಲ್ಲೇ, ಅದೇ ಚೌಕದಲ್ಲಿ, ಸೂಜಿ ಚುಚ್ಚಿದ ತೋಳಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದರು.

ಪೊಲೀಸರು ನಕ್ಷೆಯನ್ನೂ ಅಕ್ಕನನ್ನೂ ಹೋಲಿಸಿ ನೋಡಿದರು. "ಇದೊಂದಕ್ಕೆ ಪ್ಲಸ್ ಮೈನಸ್ ಇಲ್ಲವಲ್ಲ?"

ನಾನು ಅಕ್ಕನಿಗೆ ಹೇಳಿದೆ. ಅಕ್ಕ, "ಯಾಕಿಲ್ಲ? ಡಯಾಲಿಸಿಸ್‌ಗೆ ಮುಂಚೆ ನೀರು ತುಂಬ್ಕೊಂಡು ಎರಡು ಕೆಜಿ ಪ್ಲಸ್, ಆದ್ಮೇಲೆ ಎರಡು ಕೆಜಿ ಮೈನಸ್. ಬರ್ಕೊಳ್ಳೋಕೆ ಹೇಳು" ಎಂದರು.

ಹೇಳಿದೆ. ಅವರು ಬರೆದುಕೊಂಡರು.

೩. ಸರ್ಕಾರದ ಕೆಲಸ

ಸಬ್ಸಿಡಿಯ ಅರ್ಜಿಯನ್ನು ಅವರ ಮನೆಯ ಊಟದ ಮೇಜಿನ ಮೇಲಿಟ್ಟುಕೊಂಡು ಓದಿದೆವು. ಚಳಿಗಾಲ. ಗಾಳಿಯಾಡಲೆಂದು ಕಿಟಕಿ ತೆರೆದಿತ್ತು. ಮೂವರೂ ಮಾಸ್ಕು, ಸ್ವೆಟರು ಹಾಕಿ ಮೂರು ಮೂಲೆಗೆ ಕುಳಿತಿದ್ದೆವು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ.

ಹನ್ನೊಂದನೆಯ ಸಾಲು ಹೀಗಿತ್ತು: ಮಾಲೀಕರು ಕಾರನ್ನು ನಾಲ್ಕು ವರ್ಷ ಇಟ್ಟುಕೊಳ್ಳಬೇಕು. ಅಷ್ಟರೊಳಗೆ ಮಾರುವುದಿದ್ದರೆ, ಗುಜರಿಗೆ ಹಾಕುವುದಿದ್ದರೆ, ಬೇರೆಯವರ ಹೆಸರಿಗೆ ಮಾಡುವುದಿದ್ದರೆ, ಮುಂಚಿತವಾಗಿ ಅನುಮತಿ ಪಡೆಯಬೇಕು. ಇಲ್ಲವಾದರೆ ಸಬ್ಸಿಡಿ ವಾಪಸ್.

ಅರ್ಧ ಹೇಳಿದ ಮೇಲೆ ನನಗೆ ಅರ್ಥವಾಯಿತು. ನಿಲ್ಲಿಸುವಂತಿರಲಿಲ್ಲ. ಪೂರ್ತಿ ಹೇಳಿದೆ.

"ಯಾರು ಇಟ್ಕೋಬೇಕು?" ಎಂದರು ಅಕ್ಕ.

"ಮಾಲೀಕರು."

"ಅಂದ್ರೆ ನಾನು. ನಾಲ್ಕು ವರ್ಷ."

ಸಾರ್ ಕನ್ನಡಕ ತೆಗೆದು ಒರೆಸಿದರು. "ಅದು ಎಲ್ಲರ ಹತ್ರಾನೂ ಬರೆಸ್ಕೊಳ್ಳೋದು ಕಣೇ."

"ಆವತ್ತು ಡಾಕ್ಟರನ್ನ ಕೇಳ್ದೆ, ಎಷ್ಟು ವರ್ಷ ಅಂತ. ಬಾಯೇ ಬಿಡಲಿಲ್ಲ. ಇವರು ನೋಡಿ, ಅಚ್ಚೇ ಹಾಕಿಸಿದಾರೆ." ಆಮೇಲೆ ನನ್ನನ್ನು ಕೇಳಿದರು, "ಅನುಮತಿ ಕೇಳುವಾಗ ಕಾರಣ ಏನು ಅಂತ ಬರೀಬೇಕು?"

ಈ ದೇಶದಲ್ಲಿ ಅದಕ್ಕೊಂದು ಸಿದ್ಧ ಮಾತಿದೆ, "ಸ್ವಂತ ಕಾರಣಗಳಿಂದ" ಎಂದು. ಕೆಲಸ ಬಿಡುವವರೆಲ್ಲ ಅದನ್ನೇ ಬರೆಯುತ್ತಾರೆ, ಅದರ ಮೇಲೆ ಯಾರೂ ಏನನ್ನೂ ಕೇಳುವುದಿಲ್ಲ. ಹಾಗೆಂದು ಹೇಳಿದೆ. ಜಪಾನಿಯಲ್ಲಿ ಹೇಗೆ ಬರೆಯುವುದೆಂದು ಕೇಳಿದರು. ತೋರಿಸಿದೆ. ಹಳೆಯ ಕ್ಯಾಲೆಂಡರಿನ ಹಿಂದೆ ಐದಾರು ಸಲ ಬರೆದು ಕಲಿತರು.

"ಆ ಅನುಮತಿ ಫಾರ್ಮು ಒಂದು ಖಾಲಿದು ಪ್ರಿಂಟ್ ಹಾಕ್ಕೊಡು. ಫೈಲಲ್ಲಿರಲಿ."

ಒಳ್ಳೆಯ ಅಭ್ಯಾಸ ಎಂದುಕೊಂಡೆ. ಮರುದಿನ ಕೊಂಬಿನಿ ಎಂಬ ಬೀದಿಯಂಗಡಿಯ ಪ್ರಿಂಟ್ ಯಂತ್ರದಲ್ಲಿ ಎರಡು ಪ್ರತಿ ತೆಗೆದು ಕೊಟ್ಟೆ.

ಅರ್ಜಿಗೆ ಸಹಿಯ ಬದಲು ಒತ್ತುವ ಮುದ್ರೆಯನ್ನು ಅಕ್ಕ ಎರಡೂ ಕೈ ಸೇರಿಸಿ ಒತ್ತಿದರು. "ರೀ, ನನಗೆ ನಾಲ್ಕು ವರ್ಷ ಸರ್ಕಾರದ ಕೆಲಸ ಸಿಕ್ಕಿದೆ. ಇನ್ನು ಅನ್ನ ಸಾರು ನೀವೇ ನೋಡ್ಕೊಳ್ಳಿ."

೪. ಹಳದಿ ವಸ್ತು

ಹದಿನೈದು ದಿನಕ್ಕೆ ಅರ್ಜಿ ವಾಪಸ್ ಬಂತು. ಜೊತೆಯಲ್ಲಿ ಒಂದು ಪತ್ರ. "ತಮ್ಮ ಅರ್ಜಿಯ ನಾಲ್ಕೂ ಮೂಲೆಗಳಲ್ಲಿ ಹಳದಿ ಬಣ್ಣದ ವಸ್ತು ಅಂಟಿಕೊಂಡಿರುವುದು ಕಂಡುಬಂದಿದೆ. ಸೋಂಕು ತಡೆಯುವ ಸಲುವಾಗಿ ಅರ್ಜಿಯನ್ನು ಮೂರು ದಿನ ಬೇರೆ ಡಬ್ಬಿಯಲ್ಲಿ ಇಡಲಾಗಿತ್ತು. ದಯವಿಟ್ಟು ಶುಭ್ರವಾದ ಕಾಗದದಲ್ಲಿ ಮತ್ತೆ ಕಳುಹಿಸಿ."

ನಾನು ಲಕೋಟೆ ಅಂಟಿಸಲೆಂದು ಅಕ್ಕನ ಕೈಗೆ ಕೊಟ್ಟಿದ್ದೆ. ಅವರು ಅಂಟಿಸುವ ಮೊದಲು ಅರಿಶಿನ ಹಚ್ಚಿದ್ದರು.

"ಮದುವೆ ಕಾಗದಕ್ಕೆ ಹಚ್ಚಿದೀನಿ, ಸೈಟಿನ ಪತ್ರಕ್ಕೆ ಹಚ್ಚಿದೀನಿ, ಪಾಸ್‌ಪೋರ್ಟ್ ಅರ್ಜಿಗೂ ಹಚ್ಚಿದೀನಿ. ಯಾರೂ ಕ್ವಾರಂಟೈನ್ ಮಾಡಿರಲಿಲ್ಲ" ಎಂದರು ಅಕ್ಕ.

ಆ ವರ್ಷದ ಸಬ್ಸಿಡಿ ಮುಚ್ಚಲು ಒಂಬತ್ತು ದಿನವಿತ್ತು. ಕಾಗದಗಳನ್ನು ಹೊಸದಾಗಿ ಕೂಡಿಸಲು ಅಷ್ಟು ಸಾಲದು. ಒರೆಸಿದರೆ ಹೋಗುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ಒಂದು ಬೇರೆ ಹಾಳೆಯ ಮೇಲೆ ಪರೀಕ್ಷಿಸಿದೆ. ಆಲ್ಕೋಹಾಲಿನಿಂದ ಒರೆಸಿದರೆ ಹರಡಿತು. ಸೋಪಿನ ನೀರಿನಿಂದ ಒರೆಸಿದರೆ ಕೆಂಪಾಯಿತು. ಕೆಂಪು ಮೂಲೆಯ ಅರ್ಜಿಗೆ ಎಷ್ಟು ದಿನ ಡಬ್ಬಿಯೋ ಗೊತ್ತಿರಲಿಲ್ಲ. ಕಚೇರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿದರು.

"ಅದು ಆಹಾರವೇ, ಔಷಧವೇ, ಬಣ್ಣವೇ?"

"ಮೂರೂ."

"ಹಾಗಾದರೆ ಯಾವುದೆಂದು ಬರೆದುಕೊಳ್ಳಲಿ?"

"ಆಹಾರ ಎಂದು ಬರೆದುಕೊಳ್ಳಿ."

"ಅದನ್ನು ಅರ್ಜಿಗೆ ಏಕೆ ಹಚ್ಚುತ್ತಾರೆ?"

"ಕೆಲಸ ಆಗಲಿ ಎಂದು."

ಪೆನ್ನು ಗೀಚುವ ಸದ್ದು ಕೇಳಿಸಿತು. ನಂತರ ಅವರು, ಹಳದಿ ಮೂಲೆಯ ಒಂದು ಹಾಳೆಯನ್ನು ಮಾತ್ರ ಬದಲಿಸಿದರೆ ಸಾಕು, ಉಳಿದವುಗಳನ್ನು ಹಾಗೆಯೇ ತೆಗೆದುಕೊಳ್ಳುತ್ತೇವೆ ಎಂದರು. ಹೊಸ ಹಾಳೆ ಬರೆದು ನಾನೇ ಅಂಟಿಸಿದೆ. ಅಂಚೆಗೆ ಹೊರಟಾಗ ನೋಡಿದರೆ ಅಕ್ಕ ನಮ್ಮ ಪ್ರತಿಯನ್ನು ದೇವರ ಮುಂದಿಟ್ಟು ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಿದ್ದರು.

"ಒರಿಜಿನಲ್ ಅವರಿಗೆ" ಎಂದರು. "ದೇವರಿಗೆ ಜೆರಾಕ್ಸ್ ಸಾಕು."

ಸಬ್ಸಿಡಿ ಬಂತು. ಕಾರು ಉಳಿಯಿತು. ಬಸ್ಸು ತಪ್ಪಿತು.

೫. ಹೀಟರು

ಮರುವರ್ಷದ ಚಳಿಗಾಲದಲ್ಲಿ ಅಕ್ಕನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯೊಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ಬಟ್ಟೆಯ ಚೀಲವನ್ನು ಬಾಗಿಲಲ್ಲಿ ಕೊಟ್ಟು ಬರಬೇಕು. ಸಾರ್ ಕೆಲಸ ಮುಗಿಸಿ ಸಂಜೆ ಐದೂವರೆಗೆ ಹೋಗಿ, ಆಸ್ಪತ್ರೆಯ ಅಂಗಳದಲ್ಲಿ ಅಕ್ಕನ ಕಿಟಕಿ ಕಾಣುವಂತೆ ಕಾರು ನಿಲ್ಲಿಸಿ ಕೂರುತ್ತಿದ್ದರು. ಅಕ್ಕ ಮೂರನೆಯ ಮಹಡಿಯಲ್ಲಿ. ಮಾತು ಫೋನಿನಲ್ಲಿ.

ಆ ಕಾರನ್ನು ಫೋನಿನಿಂದಲೂ ನಡೆಸಬಹುದಿತ್ತು. ದೀಪ ಹಾಕಬಹುದು, ಹೀಟರು ಹಾಕಬಹುದು, ಚಾರ್ಜು ಎಷ್ಟಿದೆ ಎಂದು ನೋಡಬಹುದು. ಆದರೆ ಆ ಸೌಲಭ್ಯ ಮಾಲೀಕರ ಫೋನಿಗೆ ಮಾತ್ರ.

ಸಾರ್ ಚಾರ್ಜು ಉಳಿಸಲು ಹೀಟರು ಹಾಕದೆ ಕೂರುತ್ತಿದ್ದರು. ಅಕ್ಕ ಹಾಸಿಗೆಯಿಂದಲೇ ಹಾಕುತ್ತಿದ್ದರು. ಸಾರ್ ಹೊತ್ತಾದರೂ ಹೊರಡುತ್ತಿರಲಿಲ್ಲ. ಇದು ನನಗೆ ಗೊತ್ತಾದದ್ದು ಬಟ್ಟೆಯ ಚೀಲ ಹಿಡಿದು ನಾನೂ ಒಂದು ದಿನ ಕಾರಿನಲ್ಲಿದ್ದದ್ದರಿಂದ. ಫೋನು ಸ್ಪೀಕರಿನಲ್ಲಿತ್ತು. ಅಕ್ಕನಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಎರಡು ಮೂರು ಮಾತಿಗೊಮ್ಮೆ ನಿಲ್ಲುತ್ತಿದ್ದರು.

"ಏಳು ಗಂಟೆ ಆಯ್ತು. ಮನೆಗೆ ಹೋಗಿ."

"ಹೋಗ್ತೀನಿ. ಇನ್ನೊಂದು ಸ್ವಲ್ಪ ಹೊತ್ತು."

"ಊಟ?"

"ಮಾಡ್ತೀನಿ ಮಾರಾಯ್ತಿ."

ಹೀಟರು ನಿಂತಿತು. ಸಾರ್ ಗುಂಡಿ ಒತ್ತಿ ಮತ್ತೆ ಹಾಕಿದರು. ಅದು ಮತ್ತೆ ನಿಂತಿತು.

"ಏನೇ ಇದು, ಚಳೀಲಿ ಸಾಯಿಸ್ತೀಯಾ?"

"ಮನೆಗೆ ಹೋದ್ರೆ ಸಾಯಲ್ಲ."

"ನನ್ನ ಕಾರಲ್ಲಿ ನಾನು ಕೂತ್ಕೋತೀನಿ, ನಿಂಗೇನು?"

ಅಕ್ಕ ಮೇಲಿನಿಂದ ಉಸಿರೆಳೆದುಕೊಂಡು ಹೇಳಿದರು. "ಕಾಗದ ತೆಗೆದು ನೋಡಿ. ಕಾರು ಯಾರದು?"

೬. ಅನುಮತಿ

ಅಕ್ಕ ಹನ್ನೊಂದನೆಯ ದಿನ ಹೋದರು. ಆಸ್ಪತ್ರೆಯವರು ಸಾರ್‌ಗೆ ಗೌನು ತೊಡಿಸಿ, ಕೈಗವಸು ಹಾಕಿಸಿ, ಕಡೆಯ ಹತ್ತು ನಿಮಿಷ ಒಳಗೆ ಬಿಟ್ಟಿದ್ದರು. ಚಿತಾಗಾರದಲ್ಲಿ ಅಕ್ಕನೂ ಸೇರಿ ನಾವು ಮೂರು ಜನ. ಮೈಸೂರಿನವರೆಲ್ಲ ನನ್ನ ಫೋನಿನ ಪರದೆಯಲ್ಲಿ. ಸಾರ್ ಮಂತ್ರ ಹೇಳುತ್ತಿದ್ದಾಗ ಆ ಪರದೆಯೊಳಗೆ ಯಾರದೋ ಮನೆಯ ಕುಕ್ಕರು ಮೂರು ಸಲ ಕೂಗಿತು. ಯಾರ ಮನೆಯದೆಂದು ಅವರವರೇ ಕೇಳಿಕೊಂಡರು.

ತಿಂಗಳ ನಂತರ ಕಾರಿನ ಕಾಗದ ತೆಗೆದೆವು. ನಾಲ್ಕು ವರ್ಷದಲ್ಲಿ ಒಂದು ವರ್ಷ ಚಿಲ್ಲರೆ ಆಗಿತ್ತು. ಕಾರು ಸಾರ್ ಹೆಸರಿಗಾಗಬೇಕು. ಅನುಮತಿಯಿಲ್ಲದೆ ಆದರೆ ಸಬ್ಸಿಡಿ ಹಿಂದಿರುಗಿಸಬೇಕು. ಅಷ್ಟು ಹಣಕ್ಕೆ ಮಾರಲು ಅವರಲ್ಲಿದ್ದದ್ದು ಆ ಕಾರೊಂದೇ.

"ಬೇರೆ ಏನು ಬೇಕಾದ್ರೂ ಮಾರ್ತೀನಿ" ಎಂದರು ಸಾರ್. "ಇದನ್ನಲ್ಲ. ಅವಳು ಕೂತಿದ್ದ ಸೀಟನ್ನ ಇನ್ನೂ ಹಿಂದಕ್ಕೇ ಬಾಗಿಸಿ ಇಟ್ಟಿದೀನಿ."

ಕಚೇರಿಗೆ ಫೋನ್ ಮಾಡಿದೆ. ಎತ್ತಿದ್ದು ಅದೇ ಹೆಂಗಸು. ಮಾಲೀಕರು ತೀರಿಕೊಂಡರು, ಗಂಡನ ಹೆಸರಿಗೆ ಮಾಡಬೇಕು ಎಂದೆ. ಅವರು ಸಂತಾಪ ಹೇಳಿದರು, ಹೇಳಬೇಕಾದ ದನಿಯಲ್ಲೇ ಹೇಳಿದರು. ಆಮೇಲೆ, "ಹೇಳಲು ಕಷ್ಟವಾಗುತ್ತದೆ. ನಿಯಮದ ಪ್ರಕಾರ ಮಾಲೀಕರು ಮುಂಚಿತವಾಗಿ ಅರ್ಜಿ ಹಾಕಬೇಕಿತ್ತು" ಎಂದರು.

"ತೀರಿಕೊಳ್ಳುವ ಮುಂಚೆ?"

"ಹೌದು. ಕ್ಷಮಿಸಿ."

ಸಾರ್ ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ನೋಂದಣಿ ಪತ್ರ ಕಾರಿನಲ್ಲಿದೆ ಎಂದು ಇಳಿದುಹೋದೆವು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅದರ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ನಾನು ಕೊಂಬಿನಿಯಲ್ಲಿ ತೆಗೆದುಕೊಟ್ಟ ಖಾಲಿ ಫಾರ್ಮು.

ಅದು ಖಾಲಿ ಇರಲಿಲ್ಲ. ಅಕ್ಕ ತುಂಬಿದ್ದರು. ಮುದ್ರೆ ಒತ್ತಿದ್ದರು. ದಿನಾಂಕ ಆಸ್ಪತ್ರೆ ಸೇರುವ ಹಿಂದಿನ ವಾರದ್ದು. ಕಾರಣ ಎಂಬಲ್ಲಿ, ಕ್ಯಾಲೆಂಡರಿನ ಹಿಂದೆ ಕಲಿತ ಅಕ್ಷರಗಳಲ್ಲಿ: ಸ್ವಂತ ಕಾರಣಗಳಿಂದ. ಮುಂದಿನ ಮಾಲೀಕರು ಎಂಬಲ್ಲಿ ಊರು, ತಾತ, ಅಪ್ಪ, ಕೊನೆಗೆ ಸಾರ್. ಚೌಕ ದಾಟಿ, ಹಾಳೆಯ ಅಂಚಿನಲ್ಲಿ ಕೆಳಗಿಳಿದು ಬರೆದಿದ್ದರು. ಯಾರನ್ನೂ ಬಿಟ್ಟಿರಲಿಲ್ಲ.

ಮೇಲೆ ಅಂಟಿಸಿದ ಹಳದಿ ಚೀಟಿಯಲ್ಲಿ ಕನ್ನಡದಲ್ಲಿ ಎರಡು ಸಾಲು. "ಇದಕ್ಕೆ ಅರಿಶಿನ ಹಚ್ಚಿಲ್ಲ. ವಾಪಸ್ ಬರಲ್ಲ."

ಸಾರ್ ಅದನ್ನು ಓದಿ ಡ್ರೈವರ್ ಸೀಟಿನಲ್ಲಿ ಕುಳಿತರು. ನಾನು ಹೊರಗೇ ನಿಂತಿದ್ದೆ.

ಮತ್ತೆ ಫೋನ್ ಮಾಡಿದೆ. ಅರ್ಜಿ ಇದೆ, ಈಗ ಸಿಕ್ಕಿತು, ಎಂದೆ.

"ದಿನಾಂಕ?"

ಹೇಳಿದೆ. ಕಾಗದ ತಿರುವುವ ಸದ್ದು ಕೇಳಿಸಿತು.

"ನಾವು ಅರ್ಜಿಯ ಮೇಲಿನ ದಿನಾಂಕವನ್ನು ನೋಡುತ್ತೇವೆ" ಎಂದರು. "ಅಂಚೆ ತಡವಾಗಿರಬಹುದು. ಈ ಕಾಲದಲ್ಲಿ ಎಲ್ಲವೂ ತಡವಾಗುತ್ತಿದೆ." ಫೋನಿಡುವ ಮೊದಲು ಕೇಳಿದರು, "ಈ ಸಲ ಮೂಲೆಯಲ್ಲಿ ಹಳದಿ ಇದೆಯೇ?"

"ಇಲ್ಲ."

"ಇದ್ದರೂ ತೆಗೆದುಕೊಳ್ಳುತ್ತಿದ್ದೆ" ಎಂದರು ಅವರು.

ಮೂರು ವಾರಕ್ಕೆ ಉತ್ತರ ಬಂತು. ಲಕೋಟೆಯ ಮೇಲೆ ಅಕ್ಕನ ಹೆಸರು. ಅರ್ಜಿದಾರರು ಅವರೇ ತಾನೆ. ಸಾರ್ ಒಡೆದು ನನ್ನ ಕೈಗೆ ಕೊಟ್ಟರು, ನಾನು ಕನ್ನಡದಲ್ಲಿ ಹೇಳಿದೆ. ತಾವು ಕೋರಿದ್ದಕ್ಕೆ ಅನುಮತಿ ನೀಡಲಾಗಿದೆ. ಸಬ್ಸಿಡಿ ಹಿಂದಿರುಗಿಸಬೇಕಾಗಿಲ್ಲ.

ಸಾರ್ ಪತ್ರವನ್ನು ಅಕ್ಕನ ಫೋಟೋದ ಮುಂದಿಡಲು ಎದ್ದರು. "ಅಷ್ಟೇನಾ?"

"ಕೆಳಗೆ ಇನ್ನೊಂದು ಸಾಲಿದೆ" ಎಂದೆ. ಅದು ಎಲ್ಲ ಪತ್ರದಲ್ಲೂ ಅಚ್ಚಾಗಿರುವ ಸಾಲು. ಓದಿದೆ. "ಅನುಮತಿ ಪಡೆದ ನಂತರ ಅರ್ಜಿದಾರರು ಮನಸ್ಸು ಬದಲಾಯಿಸಿದಲ್ಲಿ ತಡಮಾಡದೆ ಕಚೇರಿಗೆ ತಿಳಿಸತಕ್ಕದ್ದು."

ಸಾರ್ ನನ್ನ ಕೈಯಿಂದ ಪತ್ರ ತೆಗೆದುಕೊಂಡು ಅಲ್ಲಿಟ್ಟರು. ಆಮೇಲೆ ಫೋಟೋದ ಕಡೆ ನೋಡಿ ಹೇಳಿದರು.

"ಕಚೇರಿಗೆ ಆಮೇಲೆ ತಿಳಿಸಿದ್ರಾಯ್ತು. ಮೊದಲು ನನಗೆ ಹೇಳು."